ಪೇಡೆ ಒಂದೇ ಅಲ್ಲ, ಧಾರವಾಡ!



ಪರೀಕ್ಷೆಯ ಫಲಿತಾಂಶ ಬಂತೆಂದರೆ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ. “ಹುಡುಗೀನ ಪರ ಊರಿಗೆ ಓದೋಕೆ ಕಳಿಸೋದೇ, ಬೇಡವೇ?” ಯಜಮಾನರು ಒಂದು ಹೇಳಿದರೆ ಅತ್ತೆಯವರು ಇನ್ನೊಂದು. ನಡುವೆ ತಾಯಿಯಾದ ನೀವು! ಕಳಿಸೋದು ಧಾರವಾಡಕ್ಕೇ ಆದರೆ, ಸೀಟು ಸಿಕ್ಕಿತೋ ಇಲ್ಲವೋ ಎಂದು ನೋಡಿಕೊಂಡು ಮುಂದಿನ ಬಸ್ಸಿಗೇ ಮನೆಗೆ ಓಡಿಬರಬೇಡಿ. ಒಂದು ದಿನ ನಿಂತು ಊರು ನೋಡಿ. ಮಗಳು ನಾಲ್ಕಾರು ವರ್ಷ ಬಾಳುವ ಊರು ಎಂಥದೆಂದು ನಿಮಗೂ ತಿಳಿಯಬೇಡವೇ?

ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದ ಈ ಊರಿಗೆ ವಿದ್ಯೆಯ ಗೀಳು ಹಳೆಯದು. ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಇಲ್ಲಿ ಮರಾಠಿಯ ಜೋರು. ಕನ್ನಡಕ್ಕೆ ಮಾನ ತರಲೆಂದು ರಾ.ಹ. ದೇಶಪಾಂಡೆಯವರೂ ಸಂಗಡಿಗರೂ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. 1917ರಲ್ಲಿ ಕರ್ನಾಟಕ ಕಾಲೇಜು ಬಂತು. ಅದರ ದೊಡ್ಡ ಕಟ್ಟಡ ಹಿಂದೆ ರೈಲ್ವೆ ಕಂಪನಿಯ ಕಚೇರಿಯಾಗಿತ್ತೆಂದರೆ ನಂಬುತ್ತೀರಾ? ನಾಟಕಕಾರ ಗಿರೀಶ ಕಾರ್ನಾಡರು ಓದಿದ್ದು ಇಲ್ಲೇ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ. ಮೊದಲು ಮುಂಬಯಿಯಲ್ಲಿದ್ದ ಅದರ ಕಚೇರಿ 1950ರಲ್ಲಿ ಧಾರವಾಡಕ್ಕೆ ಬಂತು. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಈಗಿನ ಆವರಣ ಬೆಳೆದದ್ದು ಡಿ.ಸಿ. ಪಾವಟೆಯವರು ಕುಲಪತಿಗಳಾಗಿದ್ದ ಕಾಲದಲ್ಲಿ. ಕೃಷಿ ವಿಶ್ವವಿದ್ಯಾಲಯ 1986ರಲ್ಲಿ, ಐಐಟಿ 2016ರಲ್ಲಿ ಬಂದವು.

ಇನ್ನು ನೋಡುವ ಜಾಗಗಳು. ಬೆಳಿಗ್ಗೆ ಸಾಧನಕೇರಿಗೆ ಹೋಗಿ. ವರಕವಿ ಬೇಂದ್ರೆಯವರ ಮನೆ, ಕೆರೆ, ಬೇಂದ್ರೆ ಭವನ ಎಲ್ಲ ಅಲ್ಲೇ. ಅಲ್ಲಿಂದ ಸುಭಾಸ ರಸ್ತೆಗೆ ಬನ್ನಿ. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ ಅಲ್ಲಿದೆ. ಊರವರ ಬಾಯಲ್ಲಿ ಅದು ‘ಅಟ್ಟ’. ಸಾಹಿತಿಗಳು ಅಲ್ಲಿ ಕೂತು ಹೊಡೆದ ಹರಟೆಯೇ ಎಷ್ಟೋ ಪುಸ್ತಕವಾಯಿತು. ಹಿಂದೂಸ್ತಾನಿ ಸಂಗೀತ ಇಷ್ಟವಿದ್ದರೆ ಮಲ್ಲಿಕಾರ್ಜುನ ಮನ್ಸೂರರ ಮನೆ ‘ಮೃತ್ಯುಂಜಯ’ವನ್ನೂ ನೋಡಿ. ಈಗದು ಅವರ ಸ್ಮಾರಕ.

ಪೇಟೆಯಲ್ಲಿ ನಮ್ಮ ಹೆಣ್ಣುಮಕ್ಕಳ ಕಣ್ಣು ನಿಲ್ಲುವುದು ಕಸೂತಿ ಸೀರೆಗಳ ಮೇಲೆ. ಇಳಕಲ್ ಸೀರೆಯ ಮೇಲೆ ಗೋಪುರ, ತುಳಸಿಕಟ್ಟೆ, ಆನೆ, ತೇರು! ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆಯುವುದಿಲ್ಲ, ಎಳೆ ಎಣಿಸಿಯೇ ಹಾಕುವುದು. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿ, ಮುರ್ಗಿಗಳು ಎರಡೂ ಬದಿಗೆ ಒಂದೇ ಥರ ಕಾಣಬೇಕು, ಗಂಟು ಕಾಣಬಾರದು. ಕೊಳ್ಳುವಾಗ ಸೆರಗು ತಿರುವಿ ಹಿಂಬದಿ ನೋಡಿ; ಕೈಕೆಲಸವೋ ಮಿಷನ್ನಿನದೋ ತಿಳಿದುಬಿಡುತ್ತದೆ. ಕೈಯದಾದರೆ ಬೆಲೆಗೆ ಬಹಳ ಚೌಕಾಸಿ ಮಾಡಬೇಡಿ, ಯಾರದೋ ಕಣ್ಣು ಸವೆದಿರುತ್ತದೆ.

ಪೇಡೆ ಬಿಟ್ಟೆನೆಂದು ಸಿಟ್ಟಾಗಬೇಡಿ! ಉತ್ತರ ಪ್ರದೇಶದ ಉನ್ನಾವದ ಕಡೆಯಿಂದ ಬಂದ ಠಾಕೂರ್ ಮನೆತನದವರು ಇದನ್ನು ಇಲ್ಲಿ ಶುರುಮಾಡಿದರು. ಖೋವಾವನ್ನು ಸಕ್ಕರೆಯೊಡನೆ ಸಣ್ಣ ಉರಿಯಲ್ಲಿ ಕೈಬಿಡದೆ ಕಂದುಬಣ್ಣ ಬರುವ ತನಕ ಹುರಿದು, ಉಂಡೆ ಕಟ್ಟಿ, ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಅವಸರ ಮಾಡಿದರೆ ಆ ಬಣ್ಣವೂ ಇಲ್ಲ, ರುಚಿಯೂ ಇಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಇದೇ ಊರಿನ ಶುಕ್ರವಾರಪೇಟೆಯಲ್ಲಿ 1913ರಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಚಿಕ್ಕಂದಿನಲ್ಲಿ ನೆರೆಯವರ ತೋಟದ ಮಾವಿನಕಾಯಿಗೆ ಕೈಹಾಕಿ ಬೈಸಿಕೊಂಡಳು. ಕದ್ದಳೆಂಬುದಕ್ಕಿಂತ, ಹಾಡುವವರ ಮನೆಯ ಹುಡುಗಿ ತಮ್ಮ ತೋಟಕ್ಕೆ ಕಾಲಿಟ್ಟಳೆಂಬುದೇ ಅವರಿಗೆ ದೊಡ್ಡ ಸಿಟ್ಟು. ಶಾಲೆ ಪ್ರಾಥಮಿಕಕ್ಕೇ ಮುಗಿಯಿತು. ಆದರೆ ಸಂಗೀತ ಬಿಡಲಿಲ್ಲ. ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಓಡಾಡಿದಳು. ಆಕೆಯೇ ಗಂಗೂಬಾಯಿ ಹಾನಗಲ್! ಮುಂದೆ ಇದೇ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅವರು ಸಂಗೀತದ ಗೌರವ ಪ್ರಾಧ್ಯಾಪಕರಾದರು. 2009ರಲ್ಲಿ ತೀರಿಕೊಂಡಾಗ ನಾಡೇ ಕಣ್ಣೀರಿಟ್ಟಿತು.

ಅವರಿಗೆ ಸಿಗದ ಓದು ನಿಮ್ಮ ಮಗಳಿಗೆ ಕೈಗೆ ಎಟಕುವಷ್ಟು ಹತ್ತಿರ ಬಂದಿದೆ. “ಜನ ಏನಂದಾರು?” ಅಂತೀರಾ? ಅಂದವರು ಅಂದುಕೊಳ್ಳಲಿ. ಹಾಸ್ಟೆಲಿನ ಊಟ, ನೀರು, ರಾತ್ರಿಯ ಕಾವಲು, ಕಾಲೇಜಿಗೆ ಹೋಗುವ ದಾರಿ ಇವನ್ನು ನೀವೇ ಕಣ್ಣಾರೆ ನೋಡಿ ಬನ್ನಿ. ಅಲ್ಲಿರುವ ಹಿರಿಯ ಹುಡುಗಿಯರನ್ನು ಒಂದೆರಡು ಮಾತಾಡಿಸಿ, ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಆಮೇಲೆ ಮನೆಯಲ್ಲಿ ಮಾತಿಗೆ ಕೂತರೆ ನಿಮ್ಮ ಮಾತಿಗೂ ತೂಕ ಬರುತ್ತದೆ.

ಎಳವೆಯಲ್ಲಿ ಓದು ಬಿಟ್ಟ ಸೋದರಿಯರಿಗೂ ಒಂದು ಮಾತು. ಮಗಳ ಫಾರ್ಮು ತುಂಬುವಾಗ ಮನಸ್ಸಿನ ಮೂಲೆಯಲ್ಲಿ ಏನೋ ಚುರ್ ಎಂದರೆ ನಾಚಿಕೆ ಪಡಬೇಡಿ. ದೂರಶಿಕ್ಷಣದ ವಿಚಾರವನ್ನೂ ಹೊರಡುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಮಳೆಗಾಲದಲ್ಲಿ ಹೊರಟರೆ ಕೊಡೆ ಮರೆಯಬೇಡಿ, ಧಾರವಾಡದ ಜಿಟಿಜಿಟಿ ಮಳೆ ಹೇಳಿ ಕೇಳಿ ಬರುವುದಲ್ಲ. ಹೋಗಿ ಬರ್‍ರಿ!