ಅಟ್ಟ ಸೇರಿದ ಗಣಕಯಂತ್ರ

ಮನೆಗೆ ಒಂದು ವಸ್ತುವನ್ನು ತರುವುದು ಸುಲಭ. ಅದನ್ನು ಹೊರಗೆ ಕಳುಹಿಸುವುದೇ ಕಷ್ಟ. ಮುರಿದ ಕುರ್ಚಿ ಸೌದೆಯಾದೀತು; ತೂತಾದ ಹಂಡೆ ಪಾತ್ರೆಯಂಗಡಿಯಲ್ಲಿ ತೂಕಕ್ಕೆ ಬಿದ್ದೀತು. ಆದರೆ ಕೆಟ್ಟು ನಿಂತ ಗಣಕಯಂತ್ರವನ್ನು ಏನು ಮಾಡುವುದು? ಹಿಂದೊಮ್ಮೆ ನಡುಮನೆಯಲ್ಲಿ ಪ್ರತ್ಯೇಕ ಮೇಜು, ಧೂಳು ಬೀಳದಂತೆ ಹೊದಿಕೆ, ಆಯುಧಪೂಜೆಯಂದು ಕುಂಕುಮದ ಬೊಟ್ಟು, ಇಷ್ಟು ಮರ್ಯಾದೆ ಪಡೆದಿದ್ದ ಈ ಮಹಾನುಭಾವ ಇಂದು ಅನೇಕರ ಮನೆಗಳಲ್ಲಿ ಅಟ್ಟದ ಮೇಲೆ ಅಜ್ಞಾತವಾಸದಲ್ಲಿದ್ದಾನೆ.

ನಮ್ಮ ಮನೆಯಲ್ಲಿಯೂ ಈಚೆಗೆ ಈ ಪ್ರಶ್ನೆ ಚರ್ಚೆಗೆ ಬಂದಿತು. "ಗುಜರಿಯವನಿಗೆ ಕೊಟ್ಟುಬಿಡಿ, ಅಟ್ಟದಲ್ಲಿ ಜಾಗವಾದರೂ ಆಗಲಿ" ಎಂಬುದು ನನ್ನಾಕೆಯ ಸೂಚನೆ. "ಅವರು ಬರೆದದ್ದೆಲ್ಲ ಅದರಲ್ಲೇ ಇದೆಯಲ್ಲೋ" ಎಂಬುದು ತಾಯಿಯವರ ಆಕ್ಷೇಪಣೆ. ದಿವಂಗತರಾದ ನನ್ನ ತಂದೆಯವರು ನಿವೃತ್ತರಾದ ಮೇಲೆ ತಮ್ಮ ಹುಟ್ಟೂರಿನ ನೆನಪುಗಳನ್ನು ಒಂದೇ ಬೆರಳಿನಿಂದ ಅದರಲ್ಲಿ ಬೆರಳಚ್ಚಿಸಿದ್ದರು. ಕಾಗದದ ಮೇಲೆ ಅದರ ಪ್ರತಿಯಿಲ್ಲ.

ಇಬ್ಬರ ಮಾತೂ ನ್ಯಾಯವೇ. ಯಂತ್ರದ ದೇಹ ಬೇರೆ, ನೆನಪು ಬೇರೆ ಎಂದು ತಿಳಿದರೆ ಜಗಳ ಅರ್ಧ ತೀರಿದಂತೆ. ಗುಂಡಿ ಒತ್ತಿದರೂ ಉಸಿರಾಡದ ಯಂತ್ರದಲ್ಲಿ ಹಲವು ವೇಳೆ ಕೆಟ್ಟಿರುವುದು ವಿದ್ಯುತ್ತನ್ನು ಒದಗಿಸುವ ಭಾಗ ಮಾತ್ರ. ಬರಹ, ಭಾವಚಿತ್ರಗಳು ನೆಲೆಸಿರುವ ಹಾರ್ಡ್ ಡಿಸ್ಕ್ ಪ್ರತ್ಯೇಕವಾದ ಪುಟ್ಟ ಪೆಟ್ಟಿಗೆ. ನಾಲ್ಕು ತಿರುಪು ಬಿಚ್ಚಿದರೆ ಹೊರಬರುತ್ತದೆ. ಅದಕ್ಕೆ ತಕ್ಕ ಜೋಡಣೆಯ ತಂತಿಯಿಂದ ಬೇರೊಂದು ಗಣಕಯಂತ್ರಕ್ಕೆ ಸೇರಿಸಿ ಒಳಗಿರುವುದನ್ನು ನಕಲು ಮಾಡಿಕೊಳ್ಳಬಹುದು.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕುಂಟು. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ', 1998ರಲ್ಲಿ ಹೊರಬಂದ 'ಬರಹ', ಇವುಗಳ ಹಳೆಯ ಆವೃತ್ತಿಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಲಿಪಿಯ ಸಂಕೇತಗಳಲ್ಲಿ ಅಡಗಿ ಕುಳಿತಿರುತ್ತಿದ್ದವು. ಆ ಅಚ್ಚಿನ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಕಲಸುಮೇಲೋಗರ. ತಂದೆಯವರ ಬರಹವೂ ಮೊದಲು ಹಾಗೆಯೇ ಕಂಡಿತು. ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಊರಿನ ಬಾವಿ, ಶಾಲೆಯ ಜಗಲಿ, ನಾನು ಕಂಡರಿಯದ ಅಜ್ಜಿಯ ಮಾತು ಒಂದೊಂದಾಗಿ ಎದ್ದುಬಂದವು. ನಕಲು ಮಾಡಿದ ಮಾತ್ರಕ್ಕೆ ಉಳಿಯಿತೆನ್ನಲಾಗದು. ಓದಿ ನೋಡಿದ ಮೇಲೆಯೇ ಉಳಿಯಿತೆನ್ನಬೇಕು.

ಇನ್ನು ಡಿಸ್ಕನ್ನು ಹಾಗೆಯೇ ಪರರ ಕೈಗೆ ಕೊಡುವಂತಿಲ್ಲ. ಕಡತವನ್ನು ಅಳಿಸುವುದೆಂದರೆ ಗ್ರಂಥಾಲಯದ ಸೂಚಿಯಿಂದ ಚೀಟಿಯನ್ನು ಕಿತ್ತಂತೆ; ಪುಸ್ತಕ ಕಪಾಟಿನಲ್ಲಿಯೇ ಇರುತ್ತದೆ. ಬ್ಯಾಂಕಿನ ವಿವರಗಳನ್ನು ಬಲ್ಲವರು ಹೆಕ್ಕಿ ತೆಗೆಯಬಹುದು. ಆದ್ದರಿಂದ ಅದನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕು, ಇಲ್ಲವೇ ಅದರ ಮೇಲೆ ಪೂರ್ತಿಯಾಗಿ ಬೇರೆ ಬರೆಸಬೇಕು.

ಉಳಿದ ದೇಹವನ್ನು ರಿಪೇರಿ ಮಾಡಿಸಬಹುದಲ್ಲ ಎಂದು ಕೇಳುವವರುಂಟು. ಮಕ್ಕಳು ಬೆರಳಚ್ಚು ಕಲಿಯುವುದಕ್ಕೆ ಆದೀತು. ಆದರೆ ಅದರಲ್ಲಿರುವುದು ವಿಂಡೋಸ್ ಎಕ್ಸ್‌ಪಿಯಾದರೆ, 2014ರಲ್ಲಿಯೇ ಅದರ ರಕ್ಷಣೆ ನಿಂತುಹೋಗಿದೆ. ಅಂತರ್ಜಾಲಕ್ಕೆ ಸೇರಿಸುವುದು ಕ್ಷೇಮವಲ್ಲ.

ಗುಜರಿಗೆ ಹಾಕುವುದಂತೂ ನನಗೆ ಒಪ್ಪಿಗೆಯಿಲ್ಲ. ದಪ್ಪ ಬೆನ್ನಿನ ಹಳೆಯ ಪರದೆಯ ಗಾಜಿನಲ್ಲಿ ಸೀಸವಿದೆ. ಹಳೆಯ ಬೆಸುಗೆಯಲ್ಲಿಯೂ ಇದೆ. ತಾಮ್ರದ ಆಸೆಗೆ ತಂತಿಗಳನ್ನು ಬಯಲಿನಲ್ಲಿ ಸುಡುತ್ತಾರೆ. ರೇಕಿನಷ್ಟು ತೆಳುವಾದ ಚಿನ್ನಕ್ಕಾಗಿ ಫಲಕಗಳನ್ನು ಆಮ್ಲದಲ್ಲಿ ಅದ್ದುತ್ತಾರೆ. ನಮ್ಮ ಕೈಗೆ ಬರುವುದು ನಾಲ್ಕು ಕಾಸು; ವಿಷವನ್ನು ಉಸಿರಾಡುವವನು ಇನ್ನೊಬ್ಬ ಬಡವ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ ಇಂತಹ ತ್ಯಾಜ್ಯದ ಮರುಬಳಕೆಯ ಹೊಣೆ ತಯಾರಕರದು, ಅದು ನಡೆಯಬೇಕಾದದ್ದು ನೋಂದಾಯಿತ ಸಂಸ್ಥೆಗಳಲ್ಲಿ. ಅಂಥವರಿಗೇ ಒಪ್ಪಿಸಿ ರಶೀದಿ ಪಡೆಯುವುದು ಗೃಹಸ್ಥನಿಗೆ ಉಚಿತವಾದ ಮಾರ್ಗ.

ಅಟ್ಟದ ಮೇಲೆ ಇಟ್ಟಮಾತ್ರಕ್ಕೆ ತೀರ್ಮಾನವಾದಂತಲ್ಲ, ಓದುಗರೇ. ಅದು ತೀರ್ಮಾನವನ್ನು ಮುಂದಕ್ಕೆ ಹಾಕುವ ಉಪಾಯವಷ್ಟೆ. ಡಿಸ್ಕಿಗೂ ಮುಪ್ಪು ಬರುತ್ತದೆ. ಅದರ ರಹಸ್ಯಪದವನ್ನು ಬಲ್ಲವರು, ಅದರಲ್ಲಿರುವ ಭಾವಚಿತ್ರಗಳನ್ನು ಕಂಡು ಇವರು ಇಂಥವರೆಂದು ಹೆಸರಿಡಿದು ಹೇಳಬಲ್ಲವರು ನಮ್ಮೊಡನೆ ಇರುವಾಗಲೇ ಏಣಿ ಹಾಕುವುದು ಒಳ್ಳೆಯದು.