ಪಿಕ್ಚರ್ ಬಿಟ್ಟಿ, ಹಾಡು ಬಿಟ್ಟಿಯಲ್ಲ!

ಆಗಸ್ಟ್ 15 ಬಂತೆಂದರೆ ಮೈಕಿನಲ್ಲಿ ಮೊಳಗುವ ದೇಶಭಕ್ತಿ ಗೀತೆಗಳಲ್ಲಿ ‘ಹಕೀಕತ್’ ಚಿತ್ರದ್ದೂ ಒಂದು. ಹಾಡಿದ್ದು ಮೊಹಮ್ಮದ್ ರಫಿ. 1962ರ ಚೀನಾ ಯುದ್ಧ, ಲಡಾಖಿನ ಚಳಿ, ಮನೆಗೆ ಮರಳದ ಜವಾನರು ಇಷ್ಟನ್ನೂ ಇಟ್ಟುಕೊಂಡು ಚೇತನ್ ಆನಂದ್ ತೆಗೆದ ಈ ಕಪ್ಪು-ಬಿಳುಪು ಚಿತ್ರ ತೆರೆ ಕಂಡದ್ದು 1964ರಲ್ಲಿ.

ಅರವತ್ತು ವರ್ಷದ ಹಳೇ ಪಿಕ್ಚರ್, ಇನ್ನು ಯಾರಪ್ಪನ ಗಂಟು? ಯಾರು ಬೇಕಾದರೂ ಹಾಕಬಹುದು ಅಂತ ಹೇಳುವವರಿದ್ದಾರೆ. ಮಾತು ಅರ್ಧ ನಿಜ. ತಾಪತ್ರಯ ಇರುವುದು ಉಳಿದರ್ಧದಲ್ಲಿ!

ಮೊದಲು ನಿಜದ ಭಾಗ. 1957ರ ಕಾಪಿರೈಟ್ ಕಾಯಿದೆಯಲ್ಲಿ ಚಲನಚಿತ್ರಕ್ಕೆ ಇದ್ದದ್ದು 50 ವರ್ಷ. ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಕೊನೆಗೆ ತೀರುವುದರಲ್ಲಿದ್ದಾಗ ಕೇಂದ್ರ ಸರ್ಕಾರ ಅವಧಿಯನ್ನು 60ಕ್ಕೆ ಏರಿಸಿತು. ಕವಿಗಳ ಹೆಸರಲ್ಲಿ ಸಿನಿಮಾದವರಿಗೂ ಹತ್ತು ವರ್ಷ ದಕ್ಕಿತು. ಲೆಕ್ಕ ಹಿಡಿಯುವುದು ಬಿಡುಗಡೆಯ ದಿನದಿಂದಲ್ಲ, ಮುಂದಿನ ಜನವರಿ 1ರಿಂದ. ಅಲ್ಲಿಗೆ ‘ಹಕೀಕತ್’ ಚಿತ್ರದ ಹಕ್ಕು 2024ರ ಡಿಸೆಂಬರ್ 31ಕ್ಕೆ ನಮ್ಮ ದೇಶದಲ್ಲಿ ತೀರಿತು.

ಆದರೆ ಹಾಡಿನ ಸಾಹಿತ್ಯಕ್ಕೆ, ಸಂಗೀತಕ್ಕೆ ಬೇರೆಯದೇ ಖಾತೆ. ಚಿತ್ರದ ಹಕ್ಕು ಮುಗಿದರೂ ಇವು ಮುಗಿಯುವುದಿಲ್ಲ. ಬರೆದವರು, ರಾಗ ಹಾಕಿದವರು ತೀರಿಕೊಂಡ ಮೇಲೆ 60 ವರ್ಷ ಎಣಿಸಬೇಕು. ಸಂಗೀತಗಾರ ಮದನ್ ಮೋಹನ್ ತೀರಿಕೊಂಡದ್ದು 1975ರಲ್ಲಿ. ಸಂಗೀತದ ಹಕ್ಕು 2035ರ ಕೊನೆವರೆಗೆ ಜೀವಂತ. ಹಾಡು ಬರೆದ ಕೈಫಿ ಆಜ್ಮಿ ತೀರಿಕೊಂಡದ್ದು 2002ರಲ್ಲಿ. ಸಾಹಿತ್ಯದ ಹಕ್ಕು 2062ರ ಕೊನೆವರೆಗೆ! ಕಥೆ, ಸಂಭಾಷಣೆಗೂ ಇದೇ ನಿಯಮ. ಈ ಹಕ್ಕು ಬರೆದವರ ಮನೆಯವರ ಕೈಲೇ ಇರಬೇಕೆಂದಿಲ್ಲ. ನಿರ್ಮಾಪಕರಿಗೋ ಕ್ಯಾಸೆಟ್ ಕಂಪನಿಗೋ ಮಾರಾಟವಾಗಿರಬಹುದು.

ಇದು ವಕೀಲರ ತಲೆನೋವು, ನಮಗೇನು ಅನ್ನುವ ಹಾಗಿಲ್ಲ. ಅಂಗಡಿ ಜಾಹೀರಾತಿಗೆ ಆ ಹಾಡಿನ ತುಣುಕು ಅಂಟಿಸಿ ಕೇಬಲ್‌ನಲ್ಲಿ ಬಿಟ್ಟರೆ, “ಹಳೇ ಪಿಕ್ಚರ್ ಸ್ವಾಮಿ” ಎಂಬ ಸಬೂಬು ನಡೆಯದು. ಗೊತ್ತಿದ್ದೂ ಹಕ್ಕು ಮುರಿದದ್ದು ರುಜುವಾತಾದರೆ ಕಾಯಿದೆ ಹೇಳುವ ಶಿಕ್ಷೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರದ ಲಾಭಕ್ಕೆ ಮಾಡಿದವರಿಗೆ ರಿಯಾಯಿತಿ ಸಿಗುವುದೂ ಕಷ್ಟ.

ಕನ್ನಡದ ಮಾತಿಗೆ ಬಂದರೆ, ಕೊಡಗಿನ ಯೋಧನಾಗಿ ವಿಷ್ಣುವರ್ಧನ್ ನಟಿಸಿದ ‘ಮುತ್ತಿನ ಹಾರ’ 1990ರದ್ದು. ಹಳೆಯದೆಂದು ಅನಿಸಬಹುದು. ಅದರ ಹಕ್ಕು 2050ರ ಕೊನೆವರೆಗೂ ಭದ್ರ.

ಯುವಕ ಸಂಘದವರಾಗಲಿ, ಕೇಬಲ್‌ನವರಾಗಲಿ ಮೂರು ಪ್ರಶ್ನೆ ಕೇಳಿಕೊಂಡರೆ ಕ್ಷೇಮ. ಚಿತ್ರ ಬಿಡುಗಡೆಯಾದದ್ದು ಯಾವ ವರ್ಷ? ಹಾಡು, ಕಥೆ, ಸಂಗೀತದವರು ತೀರಿಕೊಂಡದ್ದು ಎಂದು? ಈಗ ಹಕ್ಕು ಯಾರ ಕೈಲಿದೆ? ಇಷ್ಟನ್ನು ಕೇಳುವುದಕ್ಕೆ ಖರ್ಚಿಲ್ಲ. ಕೇಳದೆ ಹೋದರೆ ಕೋರ್ಟಿಗೆ ಅಲೆದಾಟ ತಪ್ಪಿದ್ದಲ್ಲ.