ಎಲ್ಲದಕ್ಕೂ ಬಿಸಿಲೇ ಕಾರಣವಲ್ಲ

ಬೇಸಿಗೆಯಲ್ಲಿ ಕನಮಡಿಯ ಬಸ್ ಕಾಯುತ್ತ ಬೆವರು ಒರೆಸಿಕೊಳ್ಳುವವರೆಲ್ಲ ರೋಗಿಗಳಲ್ಲ. ವಿಜಯಪುರ ಜಿಲ್ಲೆಯ ಬಿಸಿಲು ಯಾರನ್ನೂ ಬಿಟ್ಟಿಲ್ಲ. ಆದರೆ ಚಳಿ ಬಿದ್ದ ಮೇಲೂ ಬೆವರು ನಿಲ್ಲದೆ, ಹೊಟ್ಟೆ ತುಂಬ ರೊಟ್ಟಿ ತಿಂದರೂ ತೂಕ ಇಳಿದು, ಕೂತಲ್ಲೇ ಎದೆ ಧಡಧಡ ಹೊಡೆದು, ಚಿಲ್ಲರೆ ಎಣಿಸುವ ಕೈ ನಡುಗಿದರೆ, "ಉಷ್ಣ ಆಗೇತಿ, ಮಜ್ಜಿಗಿ ಕುಡಿ" ಎಂದು ಸುಮ್ಮನಾಗುವುದು ಸರಿಯಲ್ಲ.

ಕೊರಳಿನ ಮುಂಭಾಗದ ಥೈರಾಯಿಡ್ ಗ್ರಂಥಿ ಬೇಕಾದ್ದಕ್ಕಿಂತ ಹೆಚ್ಚು ರಸ ಸುರಿಸಿದರೆ ಹೀಗಾಗುತ್ತದೆ. ಹೆಂಗಸರಲ್ಲಿ ಇದು ಹೆಚ್ಚು. ಕೊರಳು ಉಬ್ಬುವುದು, ಕಣ್ಣುಗುಡ್ಡೆ ಮುಂದೆ ಬರುವುದು ಎಲ್ಲರಲ್ಲೂ ಕಾಣುವುದಿಲ್ಲ. ಅದಕ್ಕೇ ಒಬ್ಬರು ಸಕ್ಕರೆ ಕಾಯಿಲೆ ಎನ್ನುತ್ತಾರೆ, ಇನ್ನೊಬ್ಬರು ಕ್ಷಯ ಎನ್ನುತ್ತಾರೆ, ಮತ್ತೊಬ್ಬರು ಮನಸ್ಸಿನ ಚಿಂತೆ ಎನ್ನುತ್ತಾರೆ. ಅಷ್ಟರಲ್ಲಿ ಹೃದಯದ ಬಡಿತ ಲಯ ತಪ್ಪುತ್ತದೆ, ಎಲುಬು ಸವೆಯುತ್ತವೆ.

ಈ ಸಂಶಯ ಬಿಡಿಸುವುದು ರಕ್ತಪರೀಕ್ಷೆ. ಮೊದಲು ನೋಡಬೇಕಾದ್ದು ಟಿಎಸ್‌ಎಚ್. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯಿಡ್‌ಗೆ ಕಳಿಸುವ ಹುಕುಂ ಇದು. ರಕ್ತದಲ್ಲಿ ಥೈರಾಯಿಡ್ ರಸ ಮಿತಿಮೀರಿದರೆ ಹುಕುಂ ನಿಲ್ಲುತ್ತದೆ. ಹೀಗಾಗಿ ಲೆಕ್ಕ ಉಲ್ಟಾ: ಟಿಎಸ್‌ಎಚ್ ತಳ ಕಂಡು ಟಿ-4 ಅಥವಾ ಟಿ-3 ಏರಿದ್ದರೆ ರೋಗ ಸಿಕ್ಕಿತೆಂದೇ ಅರ್ಥ. ವಯಸ್ಕರಿಗೆ ಟಿಎಸ್‌ಎಚ್ ಸುಮಾರು 0.4ರಿಂದ 4ರ ಒಳಗಿರಬೇಕು. ಬಸುರಿಯರ ಲೆಕ್ಕ ಬೇರೆ. ಖಾಲಿ ಹೊಟ್ಟೆಯಲ್ಲೇ ಹೋಗಬೇಕೆಂಬ ಕಟ್ಟುಪಾಡಿಲ್ಲ. ಕೂದಲಿಗೆಂದು ಬಯೋಟಿನ್ ಗುಳಿಗೆ ನುಂಗುವವರು ಮಾತ್ರ ಮೊದಲೇ ಹೇಳಬೇಕು. ಅದು ಫಲಿತಾಂಶವನ್ನೇ ತಪ್ಪಿಸೀತು.

ಚೀಟಿ ಕೈಗೆ ಬಂದೊಡನೆ ಔಷಧಿ ಅಂಗಡಿಗೆ ಓಡುವುದೂ ತಪ್ಪು. ಗ್ರೇವ್ಸ್ ರೋಗಕ್ಕೆ ಗ್ರಂಥಿಯನ್ನು ತಗ್ಗಿಸುವ ಗುಳಿಗೆ ಬೇಕು. ಹೆರಿಗೆಯ ನಂತರ ಗ್ರಂಥಿ ಬಾತು ರಸ ಸೋರಿದ್ದರೆ ಆ ಗುಳಿಗೆ ಬೇಕಿಲ್ಲ. ಎರಡನ್ನೂ ಬೇರೆ ಮಾಡಿ ನೋಡುವವರು ಡಾಕ್ಟರರೇ.

ಇನ್ನು ವ್ಯವಸ್ಥೆಯ ಮಾತು. ಒಂದು ಸೀಸೆ ರಕ್ತ ಕೊಡಲು ಕನಮಡಿಯ ವ್ಯಾಪಾರಿ ಅಂಗಡಿ ಬಾಗಿಲು ಹಾಕಿ, ತಿಕೋಟಾ ದಾಟಿ ವಿಜಯಪುರಕ್ಕೆ ಹೋಗುವುದಾದರೆ ದಿನದ ದುಡಿಮೆ ಹೋಯಿತು. ಚೀಟಿ ತರಲು ಮತ್ತೊಂದು ದಿನ. ಹೋಗಬೇಕಾದ್ದು ರಕ್ತದ ಸೀಸೆ, ರೋಗಿಯಲ್ಲ! ವಾರಕ್ಕೊಂದು ದಿನ ಗೊತ್ತುಮಾಡಿ, ಊರಲ್ಲೇ ರಕ್ತ ತೆಗೆದು, ತಂಪು ಪೆಟ್ಟಿಗೆಯಲ್ಲಿ ಜಿಲ್ಲಾ ಕೇಂದ್ರಕ್ಕೆ ಕಳಿಸಿ, ಫಲಿತಾಂಶವನ್ನು ಫೋನಿಗೆ ಮುಟ್ಟಿಸುವುದು ಅಸಾಧ್ಯದ ಕೆಲಸವೇನಲ್ಲ. ತಿಕೋಟಾ, ಬಬಲೇಶ್ವರಗಳಿಗೆ ತಾಲ್ಲೂಕಿನ ಪಟ್ಟ ಸಿಕ್ಕಿದೆ. ಹಳ್ಳಿ ಜನಕ್ಕೆ ಇಷ್ಟಾದರೂ ಅನುಕೂಲ ಸಿಗಬೇಡವೇ? ಆರೋಗ್ಯ ಇಲಾಖೆಯವರು ಇತ್ತ ಗಮನ ಹರಿಸಲಿ.